ಕೂರದ ಚನ್ನಬಸವಯ್ಯ

ಬನ್ನಿಮಂಟಪದ ಹಿಂಬದಿಯ ಅಡ್ಡರಸ್ತೆಯಲ್ಲಿ ಚನ್ನಬಸವಯ್ಯನವರ ಮನೆ ಯಾವುದು ಅಂತ ಕೇಳಿದರೆ ಯಾರೂ ಮನೆ ನಂಬರು ಹೇಳುತ್ತಿರಲಿಲ್ಲ. "ಯಾರಾದ್ರೂ ಬಾಗಿಲಲ್ಲಿ ನಿಂತ್ಕೊಂಡು ಪೇಪರ್ ಓದ್ತಾ ಇದಾರಾ ನೋಡಿ. ಅದೇ ಮನೆ," ಅನ್ನುತ್ತಿದ್ದರು.

ಹಾಗೆ ಓದುತ್ತಿದ್ದವರು ಚನ್ನಬಸವಯ್ಯನವರೇ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರು, ಐವತ್ತರ ಆಸುಪಾಸು, ಹಣೆಯ ಮೇಲೆ ಅಳತೆ ಇಟ್ಟು ಬಳಿದಂಥ ವಿಭೂತಿ. ಎಡಗಾಲನ್ನು ಮಣೆಯ ಮೇಲಿಟ್ಟು, ಭಾರವನ್ನೆಲ್ಲ ಬಲಗಾಲಿಗೆ ಬಿಟ್ಟು, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ಅವರು ಸಂಪಾದಕೀಯ ಓದುತ್ತಿದ್ದರೆ, ಕೆಳಗೆ ನೆಲದ ಮೇಲೆ ಅವರ ಹೆಂಡತಿ ಪ್ರೇಮಲೀಲಾ ಬಿಸಿನೀರಿನ ಬೇಸಿನ್ ಇಟ್ಟುಕೊಂಡು ಆ ಎಡಗಾಲಿನ ಹುಣ್ಣು ತೊಳೆಯುತ್ತಿದ್ದರು. ಕಾಲಿನ ನರಗಳು ಹುರಿಹಗ್ಗದ ಹಾಗೆ ಉಬ್ಬಿ ಸುತ್ತಿಕೊಂಡು, ಹರಡಿನ ಹತ್ತಿರ ಚರ್ಮ ಕಪ್ಪಾಗಿ ಒಡೆದು ಆದ ಹುಣ್ಣು. ನಿಂತು ನಿಂತು ಬಂದದ್ದು.

"ಒಂದ್ನಿಮಿಷ ಕೂತ್ಕೊಂಡ್ರೆ ನಿಮ್ಮ ಗಂಟೇನು ಹೋಗತ್ತೆ ರೀ?" ಅಂತ ಪ್ರೇಮಲೀಲಾ ದಿನಾ ಕೇಳುತ್ತಿದ್ದರು.

"ಕೂತವನನ್ನ ತಾನೇ ಎಬ್ಬಿಸೋದು? ಕೂರದೇ ಇರೋನನ್ನ ಯಾವ ಮಗ ಎಬ್ಬಿಸ್ತಾನೆ?" ಅಂತ ಇವರು ಪುಟ ತಿರುವುತ್ತಿದ್ದರು.

"ಇದು ಮನೆ ಕಣ್ರೀ. ಇಲ್ಲಿ ನಿಮ್ಮನ್ನ ಎಬ್ಬಿಸೋಕೆ ಯಾರು ಬರ್ತಾರೆ, ಬೆಕ್ಕಾ?"

"ಅಭ್ಯಾಸ ತಪ್ಪಬಾರದು."

ಲಿಂಗಪೂಜೆಗೆ ಮಾತ್ರ ಚನ್ನಬಸವಯ್ಯ ಕೂರುತ್ತಿದ್ದರು. ಲಿಂಗದೆದುರು ಹಟ ನಡೆಯುವುದಿಲ್ಲ ಅನ್ನುವಷ್ಟು ಬುದ್ಧಿ ಇತ್ತು. ಮಲಗುವುದಕ್ಕೂ ಅಡ್ಡಿಯಿರಲಿಲ್ಲ, ಮಲಗಿದವರನ್ನು ಎಬ್ಬಿಸಿದರೆ ಅದು ಅವಮಾನವಲ್ಲ ಅಂತ ಅವರೇ ತೀರ್ಮಾನಿಸಿಕೊಂಡಿದ್ದರು. ಮಿಕ್ಕೆಲ್ಲ ನಿಂತೇ. ಅಡುಗೆಮನೆ ಕಟ್ಟೆಯ ಹತ್ತಿರ ನಿಂತು ಊಟ, ಕಿಟಕಿ ಹತ್ತಿರ ನಿಂತು ಕಾಫಿ.

ಈ ಹಟ ಹುಟ್ಟಿದ್ದು ತೊಂಬತ್ಮೂರನೇ ಇಸವಿಯ ಒಂದು ಸಂಜೆ, ಶರಣ ಬಳಗದ ವಾರ್ಷಿಕೋತ್ಸವದಲ್ಲಿ.

ಬಳಗದ ಕಾರ್ಯದರ್ಶಿ ನಂಜುಂಡಯ್ಯ. ಅವರದು ಶಾಮಿಯಾನದ ಅಂಗಡಿ. ಮದುವೆ, ತಿಥಿ, ಗಣೇಶೋತ್ಸವ, ಚುನಾವಣೆ ಭಾಷಣ, ಏನೇ ಆದರೂ ಆ ಕಡೆಯ ಅರ್ಧ ಮೈಸೂರನ್ನು ಕೂರಿಸುತ್ತಿದ್ದವರು ಅವರೇ. ಮಡಿಸುವ ಕಬ್ಬಿಣದ ಕುರ್ಚಿಗಳು, ಪ್ರತಿಯೊಂದರ ಬೆನ್ನಿಗೂ ಬಿಳಿ ಬಣ್ಣದಲ್ಲಿ ಅವರ ಹೆಸರು. ಅವತ್ತು ಚನ್ನಬಸವಯ್ಯನವರ ಮಗಳು ಶಿಲ್ಪಶ್ರೀ ಪ್ರಾರ್ಥನೆ ಹಾಡುವವಳಿದ್ದಳು. ಪ್ರೈಮರಿ ಸ್ಕೂಲಿನ ಹುಡುಗಿ, ವೇದಿಕೆ ಅಂದರೆ ಕಾಲು ನಡುಕ. "ನಾನು ಮುಂದಿನ ಸಾಲಲ್ಲೇ ಇರ್ತೀನಿ ಕಣೇ. ನನ್ನ ಮುಖ ನೋಡ್ಕೊಂಡು ಹಾಡು, ಭಯ ಹೋಗ್ಬುಡತ್ತೆ," ಅಂತ ಅಪ್ಪ ಧೈರ್ಯ ಕೊಟ್ಟಿದ್ದರು. ಹೇಳಿದ ಮಾತಿಗೆ ತಪ್ಪದೆ ಎಲ್ಲರಿಗಿಂತ ಮೊದಲು ಹೋಗಿ, ಇಸ್ತ್ರಿ ಪಂಚೆ ಮುದುರದ ಹಾಗೆ, ಮುಂದಿನ ಸಾಲಿನ ನಟ್ಟನಡುವೆ ಕೂತರು.

ಸಭೆ ತುಂಬಿದ ಮೇಲೆ ನಂಜುಂಡಯ್ಯ ಬ್ಯಾಡ್ಜು ಅಲ್ಲಾಡಿಸುತ್ತ ಓಡಿ ಬಂದರು.

"ಅಯ್ನೋರೇ, ಸ್ವಲ್ಪ ಎದ್ದು ಹಿಂದಕ್ಕೆ ಬಂದ್ಬುಡಿ. ಇಲ್ಲಿ ಗಣ್ಯರು ಬರ್ತಾರೆ."

"ಅಲ್ಲ, ನನ್ನ ಮಗಳು ಹಾಡ್ತಾಳೆ..."

"ಹಿಂದಿದ್ರೂ ಕೇಳ್ಸತ್ತೆ. ಮೈಕ್‌ಸೆಟ್ಟೂ ನಮ್ದೇ."

ಎದ್ದರು. ಎರಡನೇ ಸಾಲು ತುಂಬಿತ್ತು, ಮೂರನೆಯದೂ ತುಂಬಿತ್ತು. ಕುರ್ಚಿ ಕುರ್ಚಿ ನೋಡಿಕೊಂಡು ಕಡೆಗೆ ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು ಕಂಬ ಸಿಕ್ಕಿತು. ಮಗು ವೇದಿಕೆಗೆ ಬಂತು, ಮುಂದಿನ ಸಾಲು ನೋಡಿತು, ಅಪ್ಪನ ಮುಖ ಇರಬೇಕಾದ ಕಡೆ ಖಾಲಿ ಕುರ್ಚಿ ನೋಡಿತು. ಮೊದಲನೇ ಸಾಲು ಹಾಡಿ ಎರಡನೆಯದು ಮರೆತು ಅತ್ತುಬಿಟ್ಟಿತು. ಆ ಗಣ್ಯರು ಕೊನೆಯವರೆಗೂ ಬರಲಿಲ್ಲ. ಕಾರ್ಯಕ್ರಮದ ಮಧ್ಯೆ ಮೈಕಿನವನು ಮಿಕ್ಕ ವೈರನ್ನು ಸುತ್ತಿ ತಂದು ಆ ಕುರ್ಚಿಯ ಮೇಲೆ ಇಟ್ಟ. ವೈರನ್ನು ಯಾರೂ ಎಬ್ಬಿಸಲಿಲ್ಲ.

ಗಣ್ಯರು ಅನ್ನುವ ಜಾತಿಯೊಂದು ನಮ್ಮ ಊರುಗಳಲ್ಲಿದೆ. ಅವರು ಬಂದರೂ ಬಾರದಿದ್ದರೂ ಅವರ ಕುರ್ಚಿಗೆ ಮರ್ಯಾದೆ ತಪ್ಪುವುದಿಲ್ಲ. ಮನುಷ್ಯ ಕೂತಿದ್ದರೆ ಎಬ್ಬಿಸುತ್ತೇವೆ, ಖಾಲಿ ಇದ್ದರೆ ಕಾವಲು ಕಾಯುತ್ತೇವೆ. ಚನ್ನಬಸವಯ್ಯನವರಿಗೆ ಸಿಟ್ಟು ಬಂದದ್ದು ತಪ್ಪೇ ಅಲ್ಲ. ಆ ಸಿಟ್ಟನ್ನು ಅವತ್ತೇ ನಂಜುಂಡಯ್ಯನ ಮುಖದ ಮೇಲೆ ಚೆಲ್ಲಿದ್ದರೆ ಕಥೆಯೇ ಮುಗಿದುಹೋಗುತ್ತಿತ್ತು. ಅವರು ಅದನ್ನು ಮನೆಗೆ ತಂದು ಸಾಕಿದರು.

ಆವತ್ತಿನಿಂದ ಬಳಗದ ಕುರ್ಚಿಯಲ್ಲಿ ಕೂರುವುದಿಲ್ಲ ಅಂತ ಶಪಥವಾಯಿತು. ನೆಂಟರ ಮದುವೆಗೆ ಹೋದರೆ ಅಲ್ಲೂ ಕುರ್ಚಿಯ ಬೆನ್ನಿಗೆ ನಂಜುಂಡಯ್ಯನ ಹೆಸರು, ಅಲ್ಲೂ ಕೂರುವಂತಿಲ್ಲ. ಆಮೇಲೆ ತರ್ಕ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಎಬ್ಬಿಸುವವರು ಎಲ್ಲ ಕಡೆಯೂ ಇರುತ್ತಾರೆ. ಹಾಗಾಗಿ ಸಿಟಿ ಬಸ್ಸಿನಲ್ಲೂ ನಿಂತರು. ಬಸ್ಸು ಖಾಲಿ ಇದ್ದರೂ ರಾಡು ಹಿಡಿದು ನಡುಮಧ್ಯೆ ನಿಂತಿರುತ್ತಿದ್ದ ಇವರನ್ನು ನೋಡಿ ಕಂಡಕ್ಟರ್ ಲೋಕೇಶ್, "ಸಾರ್, ನೀವೊಬ್ರು ಕೂತ್ಬುಟ್ರೆ ಬಸ್ಸಲ್ಲಿ ಜನಾನೇ ಇಲ್ಲ ಅನ್ಸತ್ತೆ, ನಿಂತ್ಕೊಂಡೇ ಇರಿ," ಅಂತ ರೇಗಿಸುತ್ತಿದ್ದ. ಕಾರ್ಖಾನೆಯಲ್ಲಿ ಕುರ್ಚಿಯನ್ನು ಮೂಲೆಗೆ ತಳ್ಳಿ ಕೌಂಟರಿನ ಹತ್ತಿರ ನಿಂತು ಕೆಲಸ ಮಾಡಿದರು. ಅಷ್ಟರಲ್ಲಿ ಊರಿನಲ್ಲಿ ನಿಂತು ತಿನ್ನುವ ದರ್ಶಿನಿ ಹೋಟೆಲುಗಳು ಒಂದರ ಹಿಂದೆ ಒಂದು ತೆರೆದವು. ಚನ್ನಬಸವಯ್ಯನವರಿಗೆ ಜಗತ್ತೇ ತಮ್ಮ ದಾರಿಗೆ ಬರುತ್ತಿದೆ ಅನ್ನಿಸಿ, ಖಾಲಿ ದೋಸೆ ತಿನ್ನುತ್ತ ಒಂದು ಥರ ಹೆಮ್ಮೆಯಾಯಿತು.

ಸ್ಟೋರ್ಸಿನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದವರು ಸಣ್ಣಮಾದಯ್ಯ. ಕೆಸರೆಯವರು, ಬಾಯಿ ಸ್ವಲ್ಪ ಜೋರು.

"ಅಯ್ನೋರೇ, ನೀವು ಇಂಗೆ ನಿಂತಿರೋದು ಆ ನಂಜುಂಡಯ್ಯಂಗೆ ಗೊತ್ತಾ?"

"ಗೊತ್ತಿರ್ದೇ ಏನು? ಪ್ರತಿ ಕಾರ್ಯಕ್ರಮದಲ್ಲೂ ಅವನ ಕಣ್ಣಿಗೆ ಬೀಳೋ ಹಾಗೇ ನಿಂತಿರ್ತೀನಿ."

"ಯಾಕೆ ನಿಂತಿದೀರ ಅಂತ ಕೇಳಿದ್ನಾ?"

"ಕೇಳ್ತಾನೆ. ಒಂದಲ್ಲ ಒಂದಿನ ಅವನ ಮನಸ್ಸಾಕ್ಷಿ ಚುಚ್ಚತ್ತೆ. ಆವತ್ತು ಹೇಳ್ತೀನಿ."

"ಅಲ್ಲಾ, ಅವನು ಅಂಗಡೀಲಿ ಕುಂತ್ಕಂಡು ಬೋಂಡಾ ತಿಂತಾವ್ನೆ, ನಿಮ್ ಕಾಲು ಊದ್ಕಂತಾ ಐತೆ. ಇದ್ಯಾವ ಸೀಮೆ ಶಿಕ್ಷೆ ಸಾಮಿ?"

"ನಿನಗೆ ಅರ್ಥ ಆಗಲ್ಲ ಮಾದಯ್ಯ. ಸ್ವಾಭಿಮಾನ ಅಂತಾರೆ ಇದಕ್ಕೆ."

ಸಣ್ಣಮಾದಯ್ಯ ಬೀಡಿ ಕಟ್ಟು ಜೇಬಿಗಿಟ್ಟುಕೊಂಡು ನಕ್ಕರು. "ನಮ್ಮಪ್ಪ ನಿಮ್ಮಂತೋರ ಜಗಲಿ ಮುಂದೆ ಜೀವ್ಮಾನ ಪೂರ್ತಿ ನಿಂತಿದ್ದ. ಅದಕ್ಕೆ ಯಾರೂ ಸ್ವಾಭಿಮಾನ ಅಂತ ಎಸ್ರು ಮಡಗ್ಲಿಲ್ಲ. ನಂಗೆ ಕುರ್ಚಿ ಸಿಕ್ಕೈತೆ, ನಾನು ಕುಂತ್ಕತೀನಿ," ಅಂತ ಮೂಲೆಗೆ ತಳ್ಳಿದ್ದ ಆ ಕುರ್ಚಿಯನ್ನೇ ಎಳೆದುಕೊಂಡು ಕೂತರು. ಚನ್ನಬಸವಯ್ಯ ಬೋಲ್ಟಿನ ಡಬ್ಬಗಳನ್ನು ಸುಮ್ಮನೆ ಅತ್ತಿಂದಿತ್ತ ಜೋಡಿಸಿದರು.

ನಂಜುಂಡಯ್ಯನಿಗೆ ಹೇಳಬೇಕಾದ ಮಾತುಗಳು ಮಾತ್ರ ಅವರ ಹತ್ತಿರ ಸಿದ್ಧವಾಗಿದ್ದವು. ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುತ್ತ ಅದನ್ನು ತಿದ್ದುತ್ತಿದ್ದರು. "ಸಭಿಕರೇ, ಮನುಷ್ಯನಿಗೆ ಮಾನವೇ ಆಸನ" ಅಂತ ಶುರುವಾಗುತ್ತಿದ್ದ ಆ ಭಾಷಣದ ಕೊನೆಯಲ್ಲಿ ನಂಜುಂಡಯ್ಯ ಕಣ್ಣೀರಿಡುತ್ತಿದ್ದ; ಕೆಲವು ದಿನ ಕಾಲಿಗೆ ಬೀಳುತ್ತಿದ್ದ; ನೀರು ತಣ್ಣಗಿದ್ದ ದಿನ ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆಯನ್ನೂ ಕೊಡುತ್ತಿದ್ದ.

ಹೊರಗಡೆ ಬೇರೆಯೇ ನಡೆಯುತ್ತಿತ್ತು. ಬಳಗದ ಕಾರ್ಯಕ್ರಮಗಳಲ್ಲಿ ಇವರು ಕಂಬಕ್ಕೆ ಒರಗಿ, ಹುಬ್ಬು ಗಂಟಿಕ್ಕಿ, ನಂಜುಂಡಯ್ಯನನ್ನೇ ಸುಡುವ ಹಾಗೆ ನೋಡುತ್ತ ನಿಂತಿರುತ್ತಿದ್ದರಲ್ಲ, ನಂಜುಂಡಯ್ಯನಿಗೆ ಕಂಡದ್ದು ಕೈ ಖಾಲಿ ಇರುವ ಒಬ್ಬ ಮನುಷ್ಯ. "ಅಯ್ನೋರೇ, ಹೇಗಿದ್ರೂ ನಿಂತಿದೀರ, ಆ ಪಾನಕದ ಲೋಟ ಆ ಕಡೆ ಸಾಗಿಸ್ಬುಡಿ." ಮುಖದ ಮುಂದೆ ತಟ್ಟೆ ಹಿಡಿದರೆ ಬೇಡ ಅನ್ನುವುದು ಹೇಗೆ? ಹಂಚಿದರು. ಅಷ್ಟು ದ್ವೇಷದಿಂದ ಪಾನಕ ಹಂಚಿದವರು ಮೈಸೂರಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಮುಂದಿನ ಸಲ ಪ್ರಸಾದದ ಸಾಲು ನೋಡಿಕೊಳ್ಳಲು ಹೇಳಿದರು. ಅದರ ಮುಂದಿನ ಸಲ ವಯಸ್ಸಾದವರಿಗೆ ಕೈಹಿಡಿದು ಕುರ್ಚಿ ತೋರಿಸುವ ಕೆಲಸ ಇವರ ಪಾಲಿಗೇ ಬಂತು. ಕುರ್ಚಿಯನ್ನು ದ್ವೇಷಿಸುವ ಮನುಷ್ಯ ಊರಿನವರನ್ನೆಲ್ಲ ಕೂರಿಸುತ್ತ ಓಡಾಡಿದರು.

ಕಾಲು ಕೆಟ್ಟದ್ದು ಈ ವರ್ಷಗಳಲ್ಲೇ. ಪ್ರೇಮಲೀಲಾ ಬಲವಂತವಾಗಿ ಡಾಕ್ಟರ್ ಕಮಲ ಅವರ ಹತ್ತಿರ ಕರೆದುಕೊಂಡು ಹೋದಾಗ ಡಾಕ್ಟರು ಪಂಚೆ ಎತ್ತಿ ನೋಡಿ, "ಏನ್ರೀ ಇದು, ಹೋಟೆಲ್ ಸಪ್ಲಯರ್ರಾ ನೀವು? ಕಂಡಕ್ಟರ್ರಾ?" ಅಂದರು.

"ಸ್ಟೋರ್ಸ್ ಗುಮಾಸ್ತ."

"ಗುಮಾಸ್ತರಿಗೆ ಕೂತು ಕೂತು ಬೆನ್ನು ಹೋಗತ್ತೆ. ಕಾಲು ಯಾಕೆ ಹೋಯ್ತು?"

ಪ್ರೇಮಲೀಲಾ ಕಾರಣ ಹೇಳಿದರು. ಡಾಕ್ಟರು ನಗಲಿಲ್ಲ. ಪ್ಯಾಡು ಪಕ್ಕಕ್ಕಿಟ್ಟು, "ನೋಡಿ, ಈ ನರದಲ್ಲಿ ರಕ್ತ ಮೇಲಕ್ಕೆ ಹೋಗ್ತಾ ಇಲ್ಲ, ಕೆಳಗೇ ಕಟ್ಟಿಕೊಂಡಿದೆ. ಆಪರೇಷನ್ ಮಾಡಿಸಿ. ಅಲ್ಲೀತನಕ ಕಾಲು ಎತ್ತರಕ್ಕಿಟ್ಟು ಕೂತ್ಕೊಳಿ. ಹೀಗೇ ನಿಂತಿದ್ರೆ ಯಾವತ್ತಾದ್ರೂ ಒಡೆದು ಸುರಿಯತ್ತೆ. ಆಗ ಪಕ್ಕದಲ್ಲಿ ಯಾರಾದ್ರೂ ಬುದ್ಧಿ ಇರೋರಿರ್ಬೇಕು," ಅಂದರು. ಒಡೆದರೆ ಏನು ಮಾಡಬೇಕು ಅಂತ ಪ್ರೇಮಲೀಲಾಗೆ ಹೇಳಿಕೊಟ್ಟರು. ಚನ್ನಬಸವಯ್ಯ ಅಷ್ಟೂ ಹೊತ್ತು ಗೋಡೆ ಮೇಲಿನ ಮಗುವಿನ ಕ್ಯಾಲೆಂಡರ್ ನೋಡುತ್ತಿದ್ದರು. ನಿಂತುಕೊಂಡು.

ಹೊರಗೆ ಬಂದ ಮೇಲೆ ಪ್ರೇಮಲೀಲಾ ಕೇಳಿದರು: "ಆಪರೇಷನ್‌ಗೆ ಯಾವತ್ತು ಹೋಗೋಣ?"

"ಅವನು ಬಂದು ಕೇಳ್ಲಿ, ಆಮೇಲೆ ನೋಡೋಣ."

"ನಿಮ್ಮ ಕಾಲಿಗೂ ನಂಜುಂಡಯ್ಯನಿಗೂ ಏನ್ರೀ ಸಂಬಂಧ?"

"ಈ ಕಾಲೇ ಸಾಕ್ಷಿ ಕಣೇ. ವಾಸಿಯಾದ್ರೆ ಸಾಕ್ಷಿ ಹೋಯ್ತಲ್ಲ."

ಪ್ರೇಮಲೀಲಾ ರಸ್ತೆ ಮಧ್ಯೆ ನಿಂತು ಗಂಡನನ್ನು ಮೇಲಿಂದ ಕೆಳಗೆ ನೋಡಿ, ಬಸ್ ಸ್ಟಾಪಿನ ಕಡೆ ನಡೆದರು.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಒಂದು ಭಾನುವಾರ ನಂಜುಂಡಯ್ಯ ಮನೆಗೇ ಬಂದರು. ಕಂಡೊಡನೆ ಚನ್ನಬಸವಯ್ಯ ಪೇಪರ್ ಮಡಿಸಿದರು. ಬಂದ! ಕಡೆಗೂ ಮನಸ್ಸಾಕ್ಷಿ ಚುಚ್ಚಿತು! ನಂಜುಂಡಯ್ಯ ಮನೆಯಲ್ಲಿದ್ದ ಒಳ್ಳೆ ಕುರ್ಚಿ ಹುಡುಕಿ ಆರಾಮಾಗಿ ಕೂತು, ಕಾಫಿ ಕುಡಿದು, ಮೀಸೆ ಒರೆಸಿಕೊಂಡು ಒಂದು ಆಮಂತ್ರಣ ಪತ್ರಿಕೆ ಮುಂದಿಟ್ಟರು.

"ಈ ಸಲದ ವಾರ್ಷಿಕೋತ್ಸವದಲ್ಲಿ ನಿಮಗೆ ಸನ್ಮಾನ. ಕಮಿಟೀಲಿ ಒಬ್ರೂ ಬೇಡ ಅನ್ನಲಿಲ್ಲ."

"ನನಗಾ? ಯಾಕೆ?"

"ಯಾಕೆ ಅಂತ ಕೇಳ್ತೀರಲ್ಲ, ಅದೇ ನಿಮ್ಮ ದೊಡ್ಡತನ. ಇಷ್ಟು ವರ್ಷದಿಂದ ನೋಡ್ತಾನೇ ಇದೀನಿ. ಬೇರೆಯೋರೆಲ್ಲ ಕುರ್ಚಿಗೆ ಕಿತ್ತಾಡ್ತಾರೆ. ನೀವು ಒಂದಿನ, ಒಂದೇ ಒಂದಿನ ಕೂತಿದ್ದು ಕಂಡಿಲ್ಲ. ನಿಂತು ಸೇವೆ ಮಾಡಿದೀರ. ಇಂಥೋರನ್ನ ಎಲ್ಲಿ ಹುಡ್ಕೋಣ ಹೇಳಿ?"

ಪಿಯುಸಿ ಓದುತ್ತಿದ್ದ ಶಿಲ್ಪಶ್ರೀ ವೇಲಿನ ತುದಿ ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಚನ್ನಬಸವಯ್ಯನವರ ಬಾಯಿ ಸ್ವಲ್ಪ ತೆರೆದುಕೊಂಡೇ ಇತ್ತು. ಇಷ್ಟು ವರ್ಷ ಎಸೆದ ಕಲ್ಲನ್ನೆಲ್ಲ ಎದುರಾಳಿ ಹೂವು ಅಂತ ಆರಿಸಿ ಬುಟ್ಟಿಗೆ ಹಾಕಿಕೊಂಡಿದ್ದ. ಆಗುವುದಿಲ್ಲ ಅಂತ ಅಲ್ಲೇ ಹೇಳುವವರಿದ್ದರು. ಆದರೆ ಸನ್ಮಾನ ಅಂದರೆ ವೇದಿಕೆ, ವೇದಿಕೆ ಅಂದರೆ ಮೈಕು. ಬಚ್ಚಲ ಭಾಷಣಕ್ಕೆ ಕಾಲ ಬಂದಿತ್ತು.

"ಬರ್ತೀನಿ," ಅಂದರು.

ನಂಜುಂಡಯ್ಯ ಹೋದ ಮೇಲೆ ಪ್ರೇಮಲೀಲಾ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಕಳೆ. "ಸನ್ಮಾನ ಅಂದ್ರೆ ಕೂರ್ಲೇಬೇಕು ಕಣ್ರೀ. ನಿಂತೋರ ತಲೆಗೆ ಮೈಸೂರು ಪೇಟ ಹೇಗಿಡ್ತಾರೆ, ಏಣಿ ಹಾಕ್ಕೊಂಡಾ? ಊರೆಲ್ಲ ನೋಡೋ ಹಾಗೆ ಒಂದ್ಸಲ ಕೂತ್ಬುಡಿ. ಆಮೇಲೆ ಈ ವ್ರತಾನೂ ಮುಗೀತು, ಆಪರೇಷನ್ನೂ ಮಾಡಿಸೋಣ." ಪಾಪ, ಮಗಳ ಕೈಲಿ ಆಸ್ಪತ್ರೆಗೆ ಫೋನು ಮಾಡಿಸಿ ದಿನವನ್ನೂ ವಿಚಾರಿಸಿಟ್ಟರು.

ಸನ್ಮಾನದ ದಿನ ಕಲ್ಯಾಣ ಮಂಟಪ ತುಂಬಿತ್ತು. ವೇದಿಕೆಯ ಮಧ್ಯೆ ಸನ್ಮಾನದ ಕುರ್ಚಿ: ಮದುವೆ ಆರತಕ್ಷತೆಗೆ ಬಾಡಿಗೆಗೆ ಹೋಗುವ ಕೆಂಪು ಮಖಮಲ್ಲಿನ ಸಿಂಹಾಸನ, ಕೈಯಿಡುವ ಕಡೆ ಬಂಗಾರ ಬಣ್ಣದ ಸಿಂಹದ ತಲೆಗಳು, ಒಂದಕ್ಕೆ ಮೂಗಿರಲಿಲ್ಲ. ಪಕ್ಕದಲ್ಲಿ ಮಠದ ಹಿರಿಯ ಸ್ವಾಮಿಗಳು. ನಂಜುಂಡಯ್ಯ ಮೈಕಿನಲ್ಲಿ "ನಿಂತ ನಿಲುವಿನಲ್ಲೇ ಬಾಳು ಸವೆಸಿದ ಚೇತನ" ಅಂತೆಲ್ಲ ಹೊಗಳಿ, "ದಯಮಾಡಿ ಆಸೀನರಾಗಬೇಕು," ಅಂತ ಕೈ ತೋರಿಸಿದರು.

ಚನ್ನಬಸವಯ್ಯ ಕೂರಲಿಲ್ಲ.

ಚಪ್ಪಾಳೆ ಬಿತ್ತು. "ನೋಡಿ, ಏನು ವಿನಯ!" ಅಂದರು ಯಾರೋ.

"ಕೂತ್ಕೊಳ್ಳಿ, ಪರವಾಗಿಲ್ಲ," ಅಂದರು ಸ್ವಾಮಿಗಳು.

"ಬೇಡ ಬುದ್ಧಿ."

ಸನ್ಮಾನಿತರು ನಿಂತಿರುವಾಗ ತಾವು ಕೂತಿರುವುದು ಚೆಂದವಲ್ಲ ಅಂತ ಸ್ವಾಮಿಗಳು ಮೆಲ್ಲಗೆ ಎದ್ದರು. ಸ್ವಾಮಿಗಳು ಎದ್ದರೆ ವೇದಿಕೆ ಎದ್ದಿತು. ವೇದಿಕೆ ಎದ್ದರೆ ಮುಂದಿನ ಸಾಲಿನ ಗಣ್ಯರು, ಅವರ ಹಿಂದೆ ಇಡೀ ಮಂಟಪ ಗರಗರ ಕುರ್ಚಿ ಸರಿಸಿ ಎದ್ದು ನಿಂತಿತು. ಬೆನ್ನು ತಿರುಗಿಸಿ ಶಾಲು ಬಿಡಿಸುತ್ತಿದ್ದ ನಂಜುಂಡಯ್ಯ ಗಾಬರಿಯಾಗಿ, "ಯಾಕ್ರೀ ಎಲ್ಲಾ ಎದ್ರಿ? ರಾಷ್ಟ್ರಗೀತೆ ಕೊನೇಗೆ ಕಣ್ರೀ!" ಅಂದರು.

ಚನ್ನಬಸವಯ್ಯ ಮೈಕಿನ ಮುಂದೆ ಬಂದರು. ಬಾಯಿ ತೆರೆದರು. ಮಾನವೂ ಇಲ್ಲ, ಆಸನವೂ ಇಲ್ಲ, ಅಷ್ಟು ವರ್ಷ ನೀರಿನಲ್ಲಿ ನೆನೆಸಿದ ಭಾಷಣದ ಒಂದಕ್ಷರವೂ ನೆನಪಿಗೆ ಬರಲಿಲ್ಲ. ಬಂದದ್ದು ಇಷ್ಟೇ:

"ನೀವು ನನ್ನನ್ನ ಕುರ್ಚಿಯಿಂದ ಎಬ್ಬಿಸಿದ್ರಿ."

"ಯಾರು?" ಅಂದರು ನಂಜುಂಡಯ್ಯ.

"ನೀವೇ. ತೊಂಬತ್ಮೂರರಲ್ಲಿ. ನನ್ನ ಮಗಳು ಹಾಡೋ ದಿನ. ಗಣ್ಯರು ಬರ್ತಾರೆ ಅಂತ. ಯಾರೂ ಬರಲಿಲ್ಲ. ಅದಕ್ಕೇ ನಾನು ಇವತ್ತಿನವರೆಗೂ ಕೂತಿಲ್ಲ. ಸೇವೆಗಲ್ಲ. ನಿಮ್ಮ ಮೇಲಿನ ಸಿಟ್ಟಿಗೆ."

ಚನ್ನಬಸವಯ್ಯ ನಂಜುಂಡಯ್ಯನ ಕಣ್ಣು ನೋಡಿದರು. ಈಗ ನೀರು ಬರಬೇಕು. ನಂಜುಂಡಯ್ಯ ತಲೆ ಕೆರೆದುಕೊಂಡರು.

"ಅಯ್ಯೋ, ಅಯ್ನೋರೇ, ನೆನಪೇ ಇಲ್ವಲ್ಲ. ಪ್ರತಿ ಸಲ ಹತ್ತಾರು ಜನಾನ ಎಬ್ಬಿಸ್ತೀನಿ. ಹೋದ ವರ್ಷ ನಮ್ಮ ಬೀಗರನ್ನೇ ಎಬ್ಬಿಸ್ದೆ. ಆದ್ರೂ ತಪ್ಪಾಯ್ತು ಕಣ್ರೀ. ಮಗು ಹಾಡೋ ದಿನ ಅಪ್ಪನ್ನ ಎಬ್ಬಿಸ್ಬಾರ್ದಿತ್ತು. ದೊಡ್ಡ ತಪ್ಪು. ಅವತ್ತೇ ಒಂದು ಮಾತು ಹೇಳಿದ್ರೆ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸ್ತಿದ್ನಲ್ಲ, ಕುರ್ಚಿಗೇನು ಬರ ನಂಗೆ?"

ಮುಗ್ಧವಾಗಿ, ಕೈಮುಗಿದು, ನಿಜವಾಗಿಯೇ ಹೇಳಿದರು. ಮುಗಿದೇ ಹೋಯಿತು. ಅಷ್ಟು ವರ್ಷ ಕಾದ ಮಾತು ಬೋಂಡಾ ಪೊಟ್ಟಣದ ಹಾಗೆ ಕೈಗೆ ಬಂದು ಬಿದ್ದಿತ್ತು. ಚನ್ನಬಸವಯ್ಯನವರಿಗೆ ಸಮಾಧಾನವಾಗಲಿಲ್ಲ, ಭಯವಾಯಿತು. ಈಗ ಕೂತುಬಿಟ್ಟರೆ ಆ ವರ್ಷಗಳೆಲ್ಲ ಏನಾದವು? ಬಸ್ಸಿನ ರಾಡು, ಕಂಬ, ಪಾನಕದ ತಟ್ಟೆ? ನಿಂತಿದ್ದರೆ ಅದು ಇನ್ನೂ ಸ್ವಾಭಿಮಾನ. ಕೂತರೆ ಬರೀ ಊದಿದ ಕಾಲು. ಹಟ ಹಿಡಿದವನಿಗೆ ಸೋಲಿನ ಭಯವಿರುವುದಿಲ್ಲ. ಈ ಹಟಕ್ಕೆ ಮೊದಲಿನಿಂದಲೂ ಅರ್ಥವಿರಲಿಲ್ಲ ಅಂತ ಗೊತ್ತಾಗುವ ಭಯ ಇರುತ್ತದೆ.

ಮೈಕಿನ ಕೋಲು ಗಟ್ಟಿಯಾಗಿ ಹಿಡಿದು, "ಆದ್ರೂ ನಾನು ಕೂರಲ್ಲ," ಅಂದರು.

ಅಂದ ಹಾಗೆಯೇ ಪಾದಕ್ಕೆ ಏನೋ ಬೆಚ್ಚಗೆ ತಾಗಿತು. "ಕುಂಕುಮದ ನೀರು ಚೆಲ್ಲಿದ್ಯಾರ್ರೀ?" ಅಂದರು ವೇದಿಕೆ ಮೇಲಿದ್ದ ಒಬ್ಬರು. ಇನ್ನೊಬ್ಬರು ಬಗ್ಗಿ ನೋಡಿ "ಅಯ್ಯೋ" ಅಂದರು. ಬಿಳಿ ಪಂಚೆಯ ಅಂಚು ಕೆಂಪಾಗಿ, ಜಮಖಾನೆಯ ಮೇಲೆ ಹರಡುತ್ತಿತ್ತು.

ಹೆಂಗಸರ ಕಡೆಯಿಂದ ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಪ್ರೇಮಲೀಲಾ ವೇದಿಕೆ ಹತ್ತಿದ್ದನ್ನು ಜನ ನೋಡಿದ್ದು ಆಗ. ಒಂದೇ ಸಲ ಗಂಡನ ಎರಡೂ ಭುಜ ಹಿಡಿದು ನೆಲಕ್ಕೆ ಮಲಗಿಸಿದರು. ನಂಜುಂಡಯ್ಯನ ಕೈಯಲ್ಲಿದ್ದ ಸನ್ಮಾನದ ಶಾಲು ಕಿತ್ತುಕೊಂಡು ಮಡಿಸಿ ಹುಣ್ಣಿಗೆ ಒತ್ತಿದರು. "ಏನು ನೋಡ್ತಾ ನಿಂತಿದೀರಿ? ಕಾಲು ಎತ್ತಿ ಹಿಡೀರಿ! ಆ ಕುರ್ಚಿ ಎಳೀರಿ ಇಲ್ಲಿ!" ನಂಜುಂಡಯ್ಯ ಎರಡೂ ಕೈಯಲ್ಲಿ ಆ ಪಾದ ಹಿಡಿದು ಮಖಮಲ್ಲಿನ ಮೇಲಿಟ್ಟರು. ಸಿಂಹಾಸನದಲ್ಲಿ ಚನ್ನಬಸವಯ್ಯನವರ ಎಡಗಾಲು ಒಂದೇ ವಿರಾಜಮಾನವಾಯಿತು. ಮೈಕು ಆರಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಕೋಲು ಗಂಡ ಹೆಂಡಿರ ಮಧ್ಯೆ ಬಿದ್ದಿತ್ತು. ಹಾಗಾಗಿ ಮುಂದಿನ ಮಾತನ್ನು ಹೊರಗೆ ಕಟ್ಟಿದ್ದ ಹಾರ್ನುಗಳ ಮೂಲಕ ಬನ್ನಿಮಂಟಪದ ನಾಲ್ಕು ರಸ್ತೆಗಳು ಕೇಳಿಸಿಕೊಂಡವು.

"ಏಳಿ ಅಂತ ಅವ್ರು ಒಂದ್ಸಲ ಅಂದ್ರು. ಕೂತ್ಕೊಳಿ ಅಂತ ನಾನು ದಿನಾ ಅಂದೆ. ಅವರ ಮಾತು ಇಷ್ಟು ವರ್ಷ ನೆನಪಿಟ್ಕೊಂಡ್ರಿ. ನನ್ನ ಮಾತು ಒಂದು ದಿನಾನಾದ್ರೂ ಕಿವಿಗೆ ಬಿತ್ತಾ ನಿಮ್ಗೆ?"

ಚನ್ನಬಸವಯ್ಯ ಮಲಗಿದಲ್ಲಿಂದಲೇ, "ಪ್ರೇಮಾ, ಮೈಕು," ಅಂದರು.

"ಇರ್ಲಿ ಬುಡಿ!"

ಆಸ್ಪತ್ರೆಯಲ್ಲಿ ಅವತ್ತೇ ರಕ್ತ ನಿಲ್ಲಿಸಿದರು. ಆ ವಾರವೇ ಆಪರೇಷನ್ ಮಾಡಿದರು. ಬೇಡ ಅನ್ನುವುದಕ್ಕೆ ಚನ್ನಬಸವಯ್ಯನವರ ಹತ್ತಿರ ಕಾರಣ ಉಳಿದಿರಲಿಲ್ಲ. ಸಣ್ಣಮಾದಯ್ಯ ಮೂಸಂಬಿ ಹಿಡಿದು ಬಂದು, "ಏನ್ ಅಯ್ನೋರೇ, ಸ್ವಾಭಿಮಾನಕ್ಕೆ ಒಲಿಗೆ ಹಾಕವ್ರಂತೆ?" ಅಂತ ವಿಚಾರಿಸಿಕೊಂಡು ಹೋದರು. ಚನ್ನಬಸವಯ್ಯ ಮನೆಗೆ ಬಂದು ಮಂಚದ ಮೇಲೆ ಕಾಲು ಚಾಚಿದ ಮಾರನೇ ಬೆಳಿಗ್ಗೆ ಪ್ರೇಮಲೀಲಾ ಕೈಯಲ್ಲೊಂದು ಬ್ಯಾಗು ಹಿಡಿದು ಬಂದರು.

"ಕೆಸರೆಗೆ ಹೋಗ್ತಿದೀನಿ, ಚಂದ್ರಮತಿ ಮನೆಗೆ. ನೀರು ಕಾಯ್ಸಿಟ್ಟಿದೀನಿ. ಬಟ್ಟೆ, ಮುಲಾಮು ಅಲ್ಲಿದೆ."

"ಯಾರು ಕಟ್ತಾರೆ?"

"ಕಾಲು ಯಾರ್ದೋ ಅವ್ರು."

ಚಂದ್ರಮತಿ ಅಂದರೆ ಪ್ರೇಮಲೀಲಾ ತಂಗಿ. ಹೆಂಡತಿ ಹೋದ ಮೇಲೆ ಮಗಳನ್ನು ಕರೆದರೆ "ನನಗೆ ಕಾಲೇಜಿದೆ ಅಪ್ಪಾಜಿ" ಅಂದಳು, ಆದರೆ ಹೋಗಲಿಲ್ಲ, ಬಾಗಿಲ ಹತ್ತಿರವೇ ಇದ್ದಳು. ಚನ್ನಬಸವಯ್ಯ ಮಂಚದ ಅಂಚಿನಲ್ಲಿ ಕೂತು, ಬಗ್ಗಿ, ಹುಣ್ಣಿನ ಬಟ್ಟೆ ತಾವೇ ಬಿಚ್ಚಿದರು. ಕಡೆಯ ಸುತ್ತು ಅಂಟಿಕೊಂಡಿತ್ತು. ನೀರು ಹಚ್ಚಿ ಎಳೆದರು. ತಮ್ಮದೇ ಕಾಲಿನ ಆ ಹುಣ್ಣನ್ನು ಅವರು ಸರಿಯಾಗಿ ನೋಡಿದ್ದು ಅದೇ ಮೊದಲು. ಮೂಗು ತಾನಾಗಿ ಬೇರೆ ಕಡೆ ತಿರುಗಿತು.

"ಇದು ಮುಂಚಿಂದಾನೂ ಹೀಗೇ ವಾಸನೆ ಬರ್ತಿತ್ತಾ?"

"ಈಗ ಎಷ್ಟೋ ಪರವಾಗಿಲ್ಲ ಅಪ್ಪಾಜಿ. ಮಳೆಗಾಲದಲ್ಲಿ ಅಮ್ಮ ತೊಳೆದು ಹೋಗಿ ಹಿತ್ತಲಲ್ಲಿ ವಾಂತಿ ಮಾಡ್ತಿದ್ರು."

"ನನಗೆ ಹೇಳ್ಲೇ ಇಲ್ಲ?"

"ನೀವು ಪೇಪರ್ ಓದ್ತಿದ್ರಿ."

ತೊಳೆದರು. ಮುಲಾಮು ಹಚ್ಚಿದರು. ಸೊಟ್ಟಸೊಟ್ಟವಾಗಿ ಕಟ್ಟಿದರು. ಆಮೇಲೆ ಶರ್ಟು ಹಾಕಿಕೊಂಡು, ಡಾಕ್ಟರು ಓಡಾಡಬೇಡಿ ಅಂದಿದ್ದರೂ, ಮಗಳ ಭುಜ ಹಿಡಿದು ಆಟೋ ಹತ್ತಿ ಕೆಸರೆಗೆ ಹೊರಟರು.

ಬಾಗಿಲು ತೆಗೆದ ಚಂದ್ರಮತಿ ಭಾವನನ್ನು ನೋಡಿ, ಇನ್ನೇನು ಗಲಾಟೆಯೋ ಅಂತ ಸೆರಗು ಸರಿಮಾಡಿಕೊಂಡು, ಬಾಯಿಮಾತಿಗೆ, "ಬನ್ನಿ ಭಾವ, ಕೂತ್ಕೊಳಿ," ಅಂದರು. ಈ ಭಾವನಿಗೆ ಹಾಗೆ ಹೇಳಿ ಹೇಳಿ ಅವರಿಗೆ ಅಭ್ಯಾಸ, ಕೂರುವುದಿಲ್ಲ ಅಂತಲೂ ಗೊತ್ತು. ಚನ್ನಬಸವಯ್ಯ ಹಜಾರದಲ್ಲಿದ್ದ ಮೊದಲನೇ ಕುರ್ಚಿಯಲ್ಲಿ ಕೂತರು. ಚಂದ್ರಮತಿ ನೀರು ತರುವುದನ್ನೇ ಮರೆತರು.

ಪ್ರೇಮಲೀಲಾ ಅಡುಗೆಮನೆಯಿಂದ ಹುರುಳಿಕಾಯಿ ಮುರಿಯುತ್ತಲೇ ಬಂದು ನೋಡಿದರು. ಗಂಡನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಯಾರು ಕಟ್ಟಿದ್ದು?"

"ನಾನೇ."

"ಹಾಗೇ ಕಾಣತ್ತೆ."

"ಪ್ರೇಮಾ," ಅಂದರು ಚನ್ನಬಸವಯ್ಯ. "ಅದನ್ನ ನಾನು ನೋಡೇ ಇರ್ಲಿಲ್ಲ ಕಣೇ."

ಪ್ರೇಮಲೀಲಾ ಮುರಿದ ಹುರುಳಿಕಾಯಿಯನ್ನು ತಂಗಿಯ ಕೈಗೆ ಕೊಟ್ಟು, ಒಂದು ಸ್ಟೂಲು ಎಳೆದು ತಂದು ಅವರ ಮುಂದೆ ಇಟ್ಟರು. "ಕಾಲು ಕೆಳಗೆ ಬಿಡ್ಬೇಡಿ, ಮೇಲಿಡಿ."

"ಮನೆಗೆ ಬರ್ತೀಯಾ?"

"ಸೋಮವಾರ ಬರ್ತೀನಿ. ಅಲ್ಲೀವರೆಗೂ ನೀವೇ ತೊಳ್ದು ಕಟ್ಕೊಳಿ," ಅಂದು ಅವರು ಅಡುಗೆಮನೆಗೆ ವಾಪಸು ಹೊರಟರು. ಬಾಗಿಲ ಹತ್ತಿರ ತಿರುಗಿ, "ಬಿಗಿಯಾಗಿ ಕಟ್ಬೇಡಿ. ಬೆರಳು ಆಡೋ ಹಾಗಿರ್ಲಿ," ಅಂದರು.